ಬಿರುಕಿಲ್ಲದ ಗಾರೆಯನ್ನು ನಂಬದ ಚಿಕ್ಕಮುನಿಯಮ್ಮ

ಬೆಳಗಿನ ಆರು ಗಂಟೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ, ಈಗ ಮುಚ್ಚಿಹೋದ ಫಿಲೇಚರ್ ಕಾರ್ಖಾನೆಯೊಳಗೆ ಐವತ್ತೆರಡರ ಚಿಕ್ಕಮುನಿಯಮ್ಮ ಏಣಿ ಹತ್ತಿ ನಿಂತಿದ್ದಾರೆ. ತಲೆಗೆ ಟವೆಲ್, ಕೈಯಲ್ಲಿ ಸಣ್ಣ ಸುತ್ತಿಗೆ. ಗಾರೆ ಮೆತ್ತಿದ ಕಬ್ಬಿಣದ ತೊಲೆಗೆ ಒಂದು ಏಟು ಕೊಟ್ಟು ಕಿವಿಗೊಡುತ್ತಾರೆ, ಗೇಣಷ್ಟು ಸರಿದು ಮತ್ತೊಂದು ಏಟು. ನನಗೋ ಎಲ್ಲವೂ ಒಂದೇ ಸದ್ದು.

“ನಿಮ್ಗೆ ಗೊತ್ತಾಗಲ್ಲ ಬಿಡಿ” ಎಂದು ನಗುತ್ತಾರೆ. “ಹೊತ್ತು ಏರಿದ್ರೆ ಲಾರಿ ಗಲಾಟೆ. ಟೊಳ್ಳಿರೋದು ನನ್ ಕಿವಿಗೂ ಬೀಳಲ್ಲ. ಅದ್ಕೇ ಬೆಳಿಗ್ಗೇನೇ ಬರ್ತೀನಿ.”

ಫಿಲೇಚರ್ ಈಗ ಹೆಣ್ಣುಮಕ್ಕಳ ಹಾಸ್ಟೆಲ್ ಆಗುತ್ತಿದೆ. ಕೆಳಗೆ ಊಟದ ಮನೆ, ಮೇಲೆ ಹೊಸ ಮಹಡಿಯಲ್ಲಿ ನಲವತ್ತೆಂಟು ಹುಡುಗಿಯರ ಮಂಚ. ಅಷ್ಟೂ ಭಾರ ಹೊರಬೇಕಾದದ್ದು ಏಳು ಹಳೆಯ ತೊಲೆಗಳು.

ಚಿಕ್ಕಮುನಿಯಮ್ಮನಿಗೆ ಇದು ಹೊಸ ಜಾಗವಲ್ಲ. ಇದೇ ಸೂರಿನಡಿ ಇಪ್ಪತ್ತೆರಡು ವರ್ಷ ಕುದಿನೀರಿಗೆ ಕೈ ಹಾಕಿ ಗೂಡಿನಿಂದ ನೂಲು ತೆಗೆದವರು. 2001ರಲ್ಲಿ ಫಿಲೇಚರ್ ಮುಚ್ಚಿದ ಮೇಲೆ ಬಾಣಲಿ ಹೊರುವ ಗಾರೆ ಕೆಲಸಕ್ಕೆ ಇಳಿದರು. ಆರು ವರ್ಷದ ನಂತರ, ಈ 2007ರಲ್ಲಿ, ಕೂಲಿಯವರಾಗಿ ಇಲ್ಲಿಗೇ ಮರಳಿದರು.

ಚಿಕ್ಕಬಳ್ಳಾಪುರದ ಎಂಜಿನಿಯರ್ ಬಿಂದುಶ್ರೀ ತೊಲೆಗಳನ್ನೆಲ್ಲ ಅಳೆದು, ಗಾರೆ ಬಿರುಕು ಬಿಟ್ಟ ಮೂರನ್ನು ಮಾತ್ರ ಒಡೆದು ನೋಡಲು ಹೇಳಿದ್ದರು. ಯಾರಾದರೂ ಹಾಗೇ ಹೇಳುತ್ತಿದ್ದರು. ಆದರೆ ಬಾಣಲಿ ಕೆಳಗಿಟ್ಟ ಚಿಕ್ಕಮುನಿಯಮ್ಮ ಎಲ್ಲಕ್ಕಿಂತ ನುಣ್ಣಗಿದ್ದ ಐದನೆಯದನ್ನು ತೋರಿಸಿದರು.

“ಮೇಡಮ್ಮ, ಮೊದ್ಲು ಇದನ್ನ ಒಡೀಬೇಕು. ಬಳ್ದಿರೋದು ನಾನೇ.”

ಗೂಡು ಬೇಯುವ ಆವಿ ಸದಾ ಅದೇ ತೊಲೆಗೆ ಬಡಿಯುತ್ತಿತ್ತಂತೆ. ಗಾರೆ ಉದುರಿ ನೂಲಿನ ಬಾಣಲೆಗೆ ಬಿದ್ದರೆ ಅಂದಿನ ನೂಲೆಲ್ಲ ಕಲೆ. ಹಾಗಾಗಿ ಪ್ರತಿ ವರ್ಷ ಆಯುಧಪೂಜೆಗೆ ಯಂತ್ರ ನಿಂತಾಗ ಹೆಂಗಸರೇ ಸಿಮೆಂಟು ಮೆತ್ತಿ ಸುಣ್ಣ ಬಳಿಯುತ್ತಿದ್ದರು. ಎಲ್ಲಿ ಹೆಚ್ಚು ಕೆಟ್ಟಿತ್ತೋ ಅಲ್ಲಿ ಗಾರೆ ಹೆಚ್ಚು ಗಟ್ಟಿ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದು ಇದಕ್ಕೇ.

“ಕಬ್ಬಿಣ ಪುಡಿಪುಡಿ ಆಗಿದ್ದು ಆವತ್ತೇ ಕಣ್ಣಾರೆ ಕಂಡಿದ್ದೆ. ಆದ್ರೂ ಮೆತ್ದೆ. ನೂಲು ಉಳುದ್ರೆ ಸಾಕಾಗಿತ್ತು ನಮ್ಗೆ” ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ. ತಾನು ಮುಚ್ಚಿದ್ದನ್ನು ತಾನೇ ಬಿಚ್ಚಿ ಹೇಳಲು ಎದೆಗಾರಿಕೆ ಬೇಕು.

ಮಾಲೀಕ ಖಲೀಮುಲ್ಲಾ ಅವರಿಗೆ ಜೂನ್‌ನಲ್ಲೇ ಹಾಸ್ಟೆಲ್ ತೆರೆಯುವ ಆತುರ. “ಚೆನ್ನಾಗಿರೋದನ್ನ ಯಾಕಮ್ಮ ಒಡೀತೀರ? ಇನ್ನೊಂದು ತಿಂಗ್ಳು ಹೋಗುತ್ತೆ” ಎಂದು ರೇಗಿದರು.

ಇವರು ಜಗ್ಗಲಿಲ್ಲ. “ಒಡೀದಿದ್ರೆ ಬೇಡ ಬಿಡಿ ಸಾಬ್ರೆ. ಮಕ್ಕಳನ್ನ ಸೇರ್ಸಕ್ಕೆ ಬರೋ ಅಪ್ಪ ಅಮ್ಮಂದಿರಿಗೆ ಗೇಟಲ್ಲೇ ನಿಂತು ಹೇಳ್ತೀನಿ, ಇದ್ರ ಕೆಳಗೆ ಕೂರಿಸ್ಬೇಡಿ ಅಂತ.”

ಬಿಂದುಶ್ರೀ ಚಿಕ್ಕಮುನಿಯಮ್ಮನ ಪರ ನಿಂತರು. ಹನ್ನೆರಡು ಜಾಕಿ ಕೊಟ್ಟು ಸೂರಿನ ಚಪ್ಪಡಿಯ ಭಾರ ಇಳಿಸಿಕೊಂಡ ಮೇಲೆ ಗಾರೆ ಒಡೆದರು. ಗೋಡೆಯೊಳಗಿನ ತುದಿಯಲ್ಲಿ ಕಬ್ಬಿಣ ಹಪ್ಪಳದಂತೆ ಮುರಿದು ಕೈಗೆ ಬಂತು. ಖಲೀಮುಲ್ಲಾ ಆ ಚೂರನ್ನು ಇಸಿದುಕೊಂಡು ತಿರುಗಿಸಿ ನೋಡಿದರು. “ಮಿಕ್ಕಿದ್ದೂ ನೋಡ್ಬಿಡಿ ಅಮ್ಮ. ಎಷ್ಟ್ ದಿನ ಆದ್ರೂ ಆಗ್ಲಿ” ಎಂದದ್ದು ಅವರೇ.

ಆ ಮಿಕ್ಕಿದ್ದರಲ್ಲಿ ಕೊನೆಯದನ್ನೇ ಇವತ್ತು ತಟ್ಟುತ್ತಿರುವುದು. ದಿನಕ್ಕೆ ನಲವತ್ತು ಅಡಿ, ಅದಕ್ಕಿಂತ ಹೆಚ್ಚು ತಟ್ಟಿದರೆ ಕಿವಿ ಸುಳ್ಳು ಹೇಳುತ್ತದಂತೆ. ಮುಂದೆ ಬಿಂದುಶ್ರೀ ಜೊತೆ ಹೋಗಿ ತಟ್ಟಬೇಕಾದದ್ದು ಚಿಂತಾಮಣಿಯ ಎಣ್ಣೆ ಗಾಣ, ಆಮೇಲೆ ಗೌರಿಬಿದನೂರಿನ ಅಕ್ಕಿ ಗಿರಣಿ. “ಇನ್ನು ನಕ್ಷೆ ಬಿಡಿಸೋ ಮುಂಚೆ ಅಲ್ಲಿ ದುಡಿದೋರನ್ನ ಕೇಳ್ತೀನಿ” ಎನ್ನುತ್ತಾರೆ ಬಿಂದುಶ್ರೀ.

ಬಾಗಿಲ ಕಲ್ಲಿನ ಮೇಲೆ ಚಿಕ್ಕಮುನಿಯಮ್ಮನ ಹೆಸರು ಕೆತ್ತಿಸುವ ಆಸೆ ಖಲೀಮುಲ್ಲಾ ಅವರಿಗೆ. ಕೇಳಿದ್ದೇ ಇವರು ಏಣಿಯ ಮೇಲಿಂದಲೇ ಕೈ ಆಡಿಸುತ್ತಾರೆ.

“ಹೆಸ್ರು ಕಟ್ಕೊಂಡು ಏನ್ ಮಾಡ್ಲಿ? ಐದನೇದ್ರ ಜಾಗಕ್ಕೆ ಬರೋ ಹೊಸ ತೊಲೆಗೆ ಗಾರೆ ಬಳೀಬೇಡಿ, ಬರೀ ಬಣ್ಣ ಹೊಡೀರಿ ಸಾಕು. ನಾಳೆ ತುಕ್ಕು ಹಿಡುದ್ರೆ, ಊಟಕ್ಕೆ ಕೂತಿರೋ ಹುಡುಗೀರು ತಲೆ ಎತ್ತಿದ ತಕ್ಷಣ ಕಾಣ್ಬೇಕು.”