ಮಗಳ ಮೇಲೆ ಬರೆದ ಷರಾ

ಸಂಭಾಜಿನಗರದ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ನನ್ನ ತಗಡಿನ ಟ್ರಂಕನ್ನು ಯಾರೂ ತೆರೆದಿರಲಿಲ್ಲ. ಮೊನ್ನೆ ಸುಧಾ ತನ್ನ ಅವ್ವನ ಇಳಕಲ್ ಸೀರೆ ಹುಡುಕಲು ಹೋಗಿ, ಅದರ ಮಡಿಕೆಯ ಕೆಳಗಿಂದ ಕಂದು ರೆಕ್ಸಿನ್ ಹೊದಿಕೆಯ ಒಂದು ಡೈರಿ ಎತ್ತಿಕೊಂಡು ಬಂದಳು. ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ, ಅದರ ಬೆನ್ನಿಗೇ ಯಂತ್ರದ ಎಣ್ಣೆಯ ವಾಸನೆ. ಅರ್ಧ ಶತಮಾನ ಕಳೆದರೂ ನನ್ನ ಬೆರಳಿನ ಎಣ್ಣೆ ಆ ಹಾಳೆಗಳನ್ನು ಬಿಟ್ಟಿಲ್ಲ ನೋಡಿ.

“ಬಾಬಾ, ಇದರಾಗ ನನ್ನ ಫೋಟೋ ಅದ. ಏನ ಬರದೀರಿ, ಓದ್ರಿ,” ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ. ಮಾತಾಡುವಾಗ ಅರ್ಧ ದಾರಿಯಲ್ಲಿ ಮರಾಠಿ ಬಂದು ಸೇರಿಕೊಳ್ಳುತ್ತದೆ. ಓದಲಂತೂ ಬಾರದು. ಬಾರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಹೆತ್ತವರು ಮಗುವಿನ ಬಾಲಲೀಲೆಗಳನ್ನು ಬರೆದಿಡುವ ಡೈರಿ ಅದಲ್ಲ, ಒಂದು ಇನ್‌ಸ್ಪೆಕ್ಷನ್ ವರದಿ.

ಅರವತ್ತರ ದಶಕದ ಕೊನೆಗೆ ನಾನು ಧಾರವಾಡ ಬಿಟ್ಟು ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಸೇರಿದೆ. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ ಮಾರಾಯರೇ, ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಸಹಿ ಮಾಡುವವನು. ಊರಿನಲ್ಲಿ ಅನೇಕರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ, ನಾನೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ನಮ್ಮ ಕೆಲಸಕ್ಕೆ ಒಂದೇ ಶಾಸ್ತ್ರ: ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬಾರದು. ಬೋಲ್ಟು ಬಿಗಿ ಮಾಡಿದ್ದೇನೆಂದು ಪಕ್ಕದವನು ದೇವರ ಆಣೆ ಹಾಕಿದರೂ ನಾನೇ ಮುಟ್ಟಿ ನೋಡಬೇಕು. ವಿಮಾನಕ್ಕೆ ಇದು ಬೇಕೇ ಬೇಕು. ಇದನ್ನು ಮನೆಗೂ ಹೊತ್ತು ತರಬೇಕಿತ್ತೇ ಎಂದು ಕೇಳಿದವಳು ನನ್ನ ಹೆಂಡತಿ ಒಬ್ಬಳೇ. ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಧಾ ಹುಟ್ಟಿದ ವಾರದಲ್ಲೇ ಡೈರಿ ಬಂತು. ಪುಟಪುಟಕ್ಕೂ ಗೆರೆ ಎಳೆದು ಅಂಕಣ ಮಾಡಿದೆ: ತೂಕ, ಹಲ್ಲು, ನಡಿಗೆ, ಮಾತು, ಕಡೆಗೆ ಷರಾ. ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿ. ಒಂದು ಕಡೆ ಮಗಳು, ಇನ್ನೊಂದು ಕಡೆ ಕಲ್ಲು. ಅಂಗಡಿಯವನು ಅವಳ ಕೈಗೆ ಬೆಲ್ಲದ ಚೂರು ಕೊಟ್ಟರೆ ಅದನ್ನು ಕಸಿದು, ತೂಕ ನೋಡಿ, ಆಮೇಲೆ ವಾಪಸು ಕೊಡುತ್ತಿದ್ದೆ. ಮೊದಲ ಹಲ್ಲು ಬಂದ ದಿನ, “ಕೆಳಗಿನ ಎಡ ಹಲ್ಲು ಪರೀಕ್ಷಿಸಲಾಯಿತು. ಸರಿಯಿದೆ,” ಎಂದು ಷರಾ ಬರೆದು ಕೆಳಗೆ ಸಹಿ ಹಾಕಿದ್ದೇನೆ. ಆ ಹಲ್ಲು ನೋಡಲು ಹೋಗಿ ಬೆರಳು ಕಚ್ಚಿಸಿಕೊಂಡದ್ದನ್ನು ಮಾತ್ರ ಬರೆದಿಲ್ಲ.

ಎಲ್ಲ ಅಂಕಣಗಳೂ ಸರಾಗವಾಗಿ ತುಂಬಿದವು, ಮಾತಿನದೊಂದನ್ನು ಬಿಟ್ಟು. ಎರಡು ವರ್ಷ ದಾಟಿತು, ಮೂರು ಹತ್ತಿರ ಬಂತು. ಪ್ರತಿದಿನ ಬರೆಯುತ್ತ ಹೋದೆ, “ಮಾತು: ಇಲ್ಲ.” ಸಂಜೆ ಕಾರ್ಖಾನೆಯ ಬಸ್ಸು ಇಳಿದು ಬಂದವನೇ ಕೈಕಾಲು ತೊಳೆದು, ಡೈರಿ ಬಿಚ್ಚಿ, ಪೆನ್ನಿನ ಟೋಪಿ ತೆಗೆದು ಅವಳ ಎದುರು ಕೂರುತ್ತಿದ್ದೆ. ಒಂದು ಚಮಚ ಎತ್ತಿ ಹಿಡಿದು ಇದೇನು ಎಂದು ಕೇಳುತ್ತಿದ್ದೆ. ಅವಳು ಚಮಚ ನೋಡುತ್ತಿರಲಿಲ್ಲ, ಪೆನ್ನಿನ ಮುಳ್ಳನ್ನೇ ನೋಡುತ್ತ ಬಾಯಿ ಬಿಗಿದು ಕೂತಿರುತ್ತಿದ್ದಳು.

ಮಗು ಪಕ್ಕದ ಮನೆಯಲ್ಲಿ ಹಗಲೆಲ್ಲ ಪಟಪಟ ಮರಾಠಿ ಮಾತಾಡುತ್ತದೆ ಎಂದು ಹೆಂಡತಿ ಹೇಳಿ ಹೇಳಿ ಸಾಕಾದಳು. ನಾನು ನನ್ನ ಕಿವಿಯಾರೆ ಕೇಳಿಲ್ಲವಲ್ಲ ಎನ್ನುತ್ತಿದ್ದೆ. ಒಂದು ಭಾನುವಾರ ಕೇಳಿಯೇ ಬಿಡೋಣವೆಂದು ಡೈರಿ ಸಮೇತ ಪಕ್ಕದ ಮನೆಯ ಬಾಗಿಲಲ್ಲಿ ನಿಂತೆ. ಸಿನ್ನರ್ ಕಡೆಯವರಾದ, ಎಲ್ಲರೂ ಮಾವಶಿ ಎನ್ನುತ್ತಿದ್ದ ಆ ಮನೆಯಾಕೆ, ಗಂಡಸು ಬಂದನೆಂದು ತಲೆಯ ಮೇಲೆ ಸೆರಗೆಳೆದು ಸುಮ್ಮನಾದರು, ಅವರ ಮಡಿಲಲ್ಲಿದ್ದ ಸುಧಾಳೂ ಸುಮ್ಮನಾದಳು. ಮನೆಗೆ ಬಂದು ಬರೆದೆ, “ಮಾತು: ಇಲ್ಲ.”

“ಮೊದಲ ಆ ವಹಿ ಒಳಗಿಡ್ರಿ. ಅದನ್ನ ಕಂಡ್ರ ನನಗೂ ಮಾತ ಬರಂಗಿಲ್ಲ,” ಎಂದಳು ಹೆಂಡತಿ.

ನೀವು ನಗಬಹುದು. ಆದರೆ ಆ ದಿನಗಳಲ್ಲಿ ನನಗೆ ಒಳಗೊಳಗೇ ಹೆದರಿಕೆ ಹತ್ತಿತ್ತು. ನನ್ನ ಸಣ್ಣ ಕಾಕಾ ಹುಟ್ಟುಮೂಗ. ಮನೆಯವರೆಲ್ಲ ಅವನನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದುದನ್ನು, ಪಂಕ್ತಿಯಲ್ಲಿ ಅವನು ತುಪ್ಪ ಬೇಕೆಂದು ಹೇಳಲಾಗದೆ ಎಲೆ ನೋಡುತ್ತ ಕೂರುತ್ತಿದ್ದುದನ್ನು ಕಂಡು ಬೆಳೆದವನು ನಾನು. ಅದು ನನ್ನ ಮಗಳಿಗೂ ಬಂದರೆ? ಷರಾ ಬರೆಯುವವನಿಗೆ ಆ ಹೆದರಿಕೆಯನ್ನು ಬರೆಯಲು ಒಂದು ಅಂಕಣ ಇರಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಕಡೆಗೆ ಒಂದು ದಿನ ರಜೆ ಹಾಕಿ, ಎಸ್.ಟಿ. ಬಸ್ಸು ಹತ್ತಿ, ಪಂಚವಟಿಯಲ್ಲಿದ್ದ ಮಕ್ಕಳ ಡಾಕ್ಟರ ಬಳಿ ಅವಳನ್ನು ಕರೆದೊಯ್ದೆ. ಡೈರಿಯನ್ನು ಸಾಕ್ಷಿಯಾಗಿ ಅವರ ಮೇಜಿನ ಮೇಲಿಟ್ಟು ನನ್ನ ಹರಕುಮುರುಕು ಮರಾಠಿಯಲ್ಲಿ ವರದಿ ಒಪ್ಪಿಸತೊಡಗಿದೆ. ವಯಸ್ಸಾದ ಡಾಕ್ಟರು ಒಂದೆರಡು ಪುಟ ತಿರುವಿದರು, ಡೈರಿ ಮುಚ್ಚಿದರು, ಅದನ್ನು ತಮ್ಮ ಡ್ರಾವರಿನೊಳಗೆ ಹಾಕಿದರು. ಆಮೇಲೆ ಸುಧಾಳನ್ನು ಮೇಜಿನ ಮೇಲೆ ಕೂರಿಸಿಕೊಂಡು, ಮನೆಯಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಮರಾಠಿಯಲ್ಲಿ ಕೇಳಿದರು.

“ಬಾಬಾ ನುಸತಂ ಲಿಹಿತಾತ,” ಎಂದಳು ನನ್ನ ಮೂಗಿ. “ಬೋಲತ ನಾಹೀತ.”

ಅಪ್ಪ ಬರೀ ಬರೆಯುತ್ತಾರೆ, ಮಾತೇ ಆಡುವುದಿಲ್ಲ. ಮಗುವಿನ ಗಂಟಲು ಸ್ವಚ್ಛವಾಗಿದೆ, ಔಷಧ ಬೇಕಿದ್ದರೆ ನಿಮಗೆ ಬರೆದುಕೊಡಲೇ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲಿದ್ದವರಿಗೂ ಅದು ಕೇಳಿಸಿತು. ನನಗೆ ನಾಚಿಕೆ, ಅದಕ್ಕಿಂತ ಹೆಚ್ಚಿಗೆ ಸಂತೋಷ. ಕಣ್ಣಲ್ಲಿ ನೀರು ಬಂತು, ಧೂಳು ಬಿದ್ದವನಂತೆ ಒರೆಸಿಕೊಂಡೆ. ಡೈರಿ ಮರೆತು ಬಾಗಿಲು ದಾಟಿದ್ದೆ, ಅವರೇ ಕರೆದು ಕೊಟ್ಟರು.

ಬಸ್ಸಿಗೆ ಹೊತ್ತಿತ್ತು. ಹತ್ತಿರದ ಹೊಳೆಯ ಘಾಟಿನ ಮೆಟ್ಟಿಲು ಇಳಿದೆವು. ಮಗಳ ಜೊತೆ ಮಾತಾಡಬೇಕೆಂದು ನಿಶ್ಚಯಿಸಿಯೇ ಇಳಿದೆ, ಆದರೆ ಏನು ಮಾತಾಡುವುದು? ಹಲ್ಲು ಹೇಗಿದೆ ಎಂದು ಕೇಳಲೇ? ಗೋದಾವರಿಯಲ್ಲಿ ಅವಳ ಕಾಲು ಅದ್ದಿಸಿ, ಏನೂ ತೋಚದೆ, “ನೀರ ನೋಡವಾ, ತಂಪದ,” ಎಂದೆ. ಅವಳು ಕಾಲು ಬಡಿದು ನನ್ನ ಧೋತರವನ್ನೆಲ್ಲ ತೋಯಿಸಿ, “ನೀರ,” ಎಂದಳು. ನಾನು ಕಿವಿಯಾರೆ ಕೇಳಿದ ಅವಳ ಮೊದಲ ಕನ್ನಡ ಮಾತು ಅದು. ಬಲಗೈ ತಾನಾಗಿ ಪೆನ್ನಿನ ಜೇಬಿಗೆ ಹೊರಟಿತು. ಆ ಕೈಯ ಬೆರಳುಗಳನ್ನು ಅವಳು ಗಟ್ಟಿಯಾಗಿ ಹಿಡಿದಿದ್ದಳು, ಬಿಡಿಸಿಕೊಳ್ಳಲಿಲ್ಲ. ಮನೆ ಮುಟ್ಟಿದ ಕೂಡಲೇ ಹೆಂಡತಿ ಡೈರಿಯನ್ನು ತನ್ನ ಸೀರೆಗಳ ಕೆಳಗೆ ಹೂತಿಟ್ಟಳು.

ಮೊನ್ನೆ ಡೈರಿ ಓದಿ, ಅದರಲ್ಲಿ ಬರೆಯದ್ದನ್ನೂ ಬಾಯಲ್ಲಿ ಹೇಳಿದೆ. ಸುಧಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಖಾಲಿ ಪುಟಗಳನ್ನು ತಿರುವುತ್ತ, ಮುಂದೆ ತಾನು ಏನೇನು ಮಾತಾಡಿದೆ ಎಂದು ಕೇಳಿದಳು. ನೆನಪು ಕೆದಕಿದೆ. ಒಂದು ಮಾತೂ ಸಿಗಲಿಲ್ಲ. ಅವಳ ಹಲ್ಲುಗಳ ಜಾತಕ ಪೂರ್ತಿ ಇದೆ, ಅವಳ ಕನ್ನಡ ಮಾತು ಮಾತ್ರ ನನ್ನ ನೆನಪಿನಲ್ಲಿ ‘ನೀರ’ ಒಂದೇ ಇದೆ.

ಬುದ್ಧಿ ಬಂತೇ ಎಂದರೆ, ಈಗ ಬಿ.ಪಿ. ಮತ್ತು ಸಕ್ಕರೆಯ ಡೈರಿ ಇಟ್ಟಿದ್ದೇನೆ, ಅಂಕಣ ಎಳೆದು. ಬೆಳಿಗ್ಗೆ ಮಗಳು ಹೇಗಿದ್ದೀರಿ ಎಂದು ಕೇಳಿದರೆ ಬಾಯಿ ತೆರೆಯದೆ ಅದನ್ನೇ ಮುಂದೆ ಚಾಚುತ್ತೇನೆ. ಅವಳು ಅಂಕಿ ನೋಡಿ ಆಫೀಸಿಗೆ ಹೋಗುತ್ತಾಳೆ.

ಇಂದು ಬೆಳಿಗ್ಗೆಯೂ ಅವಳು ಚಹಾ ಕೊಟ್ಟು ಹ್ಯಾಂಗಿದ್ದೀರಿ ಎಂದಳು. ಕೈ ಡೈರಿಯ ಕಡೆ ಹೋಗಿತ್ತು, ಹಿಂದಕ್ಕೆ ಎಳೆದುಕೊಂಡೆ.

“ಮೊಣಕಾಲ ನೋಯ್ತದವಾ,” ಎಂದೆ. ಮೊಣಕಾಲು ನೀವಿಕೊಳ್ಳುತ್ತ, “ನಿಮ್ಮವ್ವ ಭಾಳ ನೆನಪಾಗ್ತಾಳ.”

ಸುಧಾ ಹೆಗಲಿನ ಚೀಲ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು. “ನನಗೂ ಬಾಬಾ,” ಎಂದಳು. ಆಮೇಲೆ ಏನೇನೋ ಮಾತಾಡಿದೆವು, ಬಿ.ಪಿ. ಬರೆಯುವುದು ಮರೆತೇ ಹೋಯಿತು.