ಮಾಯದ ಹುಣ್ಣಿನ ಪಾತ್ರ

ನೆಗಡಿ ಬಂದರೂ ಉಯಿಲು ಬರೆಸೋಣವೇ ಎಂದು ಯೋಚಿಸುವವನು ನಾನು. ಹಾಗಾಗಿ ವೈದ್ಯಕೀಯ ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಯಂತೆ ನಟಿಸಲು ಕಾಲೇಜಿನವರು ಕರೆದಾಗ, ಹೊನ್ನಾಳಿಯ ನಮ್ಮ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. "ಇಷ್ಟು ವರ್ಷ ಮನ್ಯಾಗೆ ಮಾಡಿದ್ದನ್ನೇ ಅಲ್ಲೂ ಮಾಡಿ ಬರ್ರಿ," ಎಂದಳು ಹೆಂಡತಿ.

ನನಗೆ ಕೊಟ್ಟ ರೋಗ, ಕೆನ್ನೆಯೊಳಗೆ ಮಾಯದ ಹುಣ್ಣು. ಕಾರಣ, ಹೊಗೆಸೊಪ್ಪು ಸೇರಿಸಿದ ಎಲೆ ಅಡಿಕೆ. ಅದನ್ನು ನಾನಾಗಿ ಹೇಳುವಂತಿಲ್ಲ. "ಚಟ ಐತಾ ಅಂದ್ರೆ ಇಲ್ಲ ಅನ್ರಿ. ನಮ್ಮ ಕಡೆ ಎಲೆ ಅಡಿಕೆನ ಯಾರು ಚಟ ಅಂತಾರೆ? ಬಿಡಿಸಿ ಕೇಳಿದ್ರೆ ಮಾತ್ರ ಹೇಳ್ರಿ. ಕೇಳದೋರಿಗೆ ಪಾಸಿಲ್ಲ," ಎಂದು ಪರೀಕ್ಷಕಿ ಮೇಡಂ ತಾಕೀತು ಮಾಡಿದ್ದರು.

ಬೆಳಗ್ಗೆ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ, "ಈ ಸಲನೂ ಹೋದ್ರೆ ಮತ್ತೆ ಆರು ತಿಂಗಳು ಕೂರಬೇಕವ್ವ," ಎನ್ನುತ್ತಿದ್ದಳು. ಜಗಳೂರು ಕಡೆಯ ಮಾತು. ಅವಳೇ ನನ್ನೆದುರು ಬಂದು ಕುಳಿತಾಗ ನನ್ನ ಹುಣ್ಣಿಗಿಂತ ಅವಳ ಪರೀಕ್ಷೆಯ ಚಿಂತೆಯೇ ನನಗೆ ಹೆಚ್ಚಾಯಿತು.

ಹುಣ್ಣು ಯಾವಾಗಿನಿಂದ, ಖಾರ ತಿಂದರೆ ಉರಿಯುತ್ತದೆಯೇ, ಎಲ್ಲ ಕೇಳಿದಳು. ಬಳಿಕ, "ಏನಾರ ಚಟ ಐತೇನ್ರಿ?"

"ಇಲ್ಲ."

"ಬೀಡಿ? ಕುಡಿಯೋದು?"

"ಇಲ್ಲವ್ವ."

ತಲೆಯಾಡಿಸಿ ಸಕ್ಕರೆ ಕಾಯಿಲೆಯ ವಿಚಾರಕ್ಕೆ ಹೋಗಿಬಿಟ್ಟಳು. ಮೂಲೆಯಲ್ಲಿ ಮೇಡಂ ಪೆನ್ನು ಹಿಡಿದು ಕುಳಿತಿದ್ದರು. ನಾನು ಒಂದು ಮಾತು ಹೆಚ್ಚಿಗೆ ಆಡಿದರೂ ಅವಳ ಪರೀಕ್ಷೆ ರದ್ದಾದೀತೆಂದು ನಾಲಿಗೆ ಕಚ್ಚಿಕೊಂಡೆ. ಜೋರಾಗಿಯೇ ಕಚ್ಚಿದೆನೆಂದು ಕಾಣುತ್ತದೆ, ನೋವಾಯಿತು.

ಬಾಯಿ ತೆರೆಸಿ ಟಾರ್ಚ್ ಬಿಟ್ಟಳು. ಅಲ್ಲಿ ಹುಣ್ಣಿಲ್ಲವಲ್ಲ, ಮೇಡಂ ಅದರ ಫೋಟೊ ಮುಂದಿಟ್ಟರು. ಅದನ್ನು ದಿಟ್ಟಿಸುತ್ತ, ಟಾರ್ಚ್ ಆರಿಸುವುದನ್ನೂ ಮರೆತು ಕೇಳಿದಳು: "ಯಜಮಾನ್ರೆ, ಉಂಡಮ್ಯಾಲೆ ಬಾಯಿಗೆ ಏನು ಹಾಕ್ಕಂತೀರಿ?"

"ಎಲೆ ಅಡಿಕೆ. ಎಲ್ಲರೂ ಹಾಕ್ಕಂತಾರಲ್ಲ."

"ಹೊಗೆಸೊಪ್ಪು?"

"ಒಂಚೂರು."

"ಯಾವ ಕೆನ್ನೆಗೆ ಇಟ್ಕಂತೀರಿ?"

ಹುಣ್ಣಿನ ಕೆನ್ನೆಯನ್ನೇ ತೋರಿಸಿದೆ. ಅವಳ ದನಿ ತಗ್ಗಿತು. "ಇದು ಬರೀ ಹುಣ್ಣು ಅಲ್ಲದೇನೂ ಇರಬೌದು. ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಹೊಗೆಸೊಪ್ಪು ಇವತ್ತೇ ಬಿಡ್ರಿ." ಗಂಟೆ ಹೊಡೆಯಿತು. ಅವಳು ಮುಂದಿನ ಕೋಣೆಯ ರೋಗಿಯನ್ನು ನೋಡಲು ಹೋದಳು.

ರೋಗಿಯ ಅಭಿಪ್ರಾಯಕ್ಕೂ ಅಂಕವಿತ್ತು. "ಈ ಡಾಕ್ಟರ್ ಹತ್ರ ಮತ್ತೆ ಬರ್ತೀರಾ?" ಎಂದರು ಮೇಡಂ.

"ಹೆದರಿಸಿಬಿಟ್ಟಳು," ಎಂದೆ. ಪೆನ್ನು ನಿಂತಿತು. ನಾನು ಅವಸರದಿಂದ ಸೇರಿಸಿದೆ: "ಅದಕ್ಕೇ ಬರ್ತೀನಿ ಮೇಡಂ. ಸಮಾಧಾನ ಹೇಳಿ ಕಳಿಸಿದ್ರೆ ನಾನು ಹೊಗೆಸೊಪ್ಪು ಬಿಡೋನಲ್ಲ."

ಅವರು ಏನೋ ಬರೆದು, ನನ್ನ ಮುಖ ನೋಡದೆ, "ಈ ಕೋಣೇಲಿ ಪಾಸು. ಹೊರಗೆ ಹೇಳಂಗಿಲ್ಲ," ಎಂದರು.

ನಾನು ಹಲ್ಲು ಕಿರಿದೆ.

"ಅಷ್ಟು ನಗಬ್ಯಾಡ್ರಿ. ನಿಮಗಿನ್ನೂ ಹುಣ್ಣು ಐತೆ. ಮುಂದಿನವರು ಬರ್ತಾ ಅದಾರೆ."