ಸಪ್ಪೆಯಕ್ಕನ ಹಂಡೆ

ಬೆಳಕು ಹರಿಯುವ ಹೊತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೇಳೆ ಕೊತಕೊತ ಕುದಿಯುತ್ತಿದೆ. ಅಡುಗೆಯಾಕೆ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ತಾಗಿಸುತ್ತಾರೆ. ಮುಖ ಕಿವುಚಿಕೊಂಡು ಬಚ್ಚಲಿಗೆ ಓಡಿ ಉಗಿದು, ಬಾಯಿ ಮುಕ್ಕಳಿಸಿ ಬರುತ್ತಾರೆ.

"ಇನ್ನೊಂದು ಹಿಡಿ ಉಪ್ಪು ಹಾಕೇ, ಸಾಲದು," ಎನ್ನುತ್ತಾರೆ ಜೊತೆಗಾತಿಗೆ.

ಐವತ್ತರ ಹತ್ತಿರದ ಇವರಿಗೆ ಎರಡು ವರ್ಷದ ಹಿಂದೆ ರಕ್ತದೊತ್ತಡ ಏರಿದಾಗ ಡಾಕ್ಟರು ಉಪ್ಪು ಬಿಡಿಸಿದರು. ಮೊದಮೊದಲು ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬರಬರುತ್ತ ನಾಲಿಗೆಯೇ ಬೇರೆಯಾಯಿತು. ಈಗ ಬರೀ ಹಾಲಿನಲ್ಲೂ ಸೊಪ್ಪಿನಲ್ಲೂ ಉಪ್ಪು ಗೊತ್ತಾಗುತ್ತದೆ. ಹೊರಗೆ ನಾಲ್ಕು ತುತ್ತು ಉಂಡರೆ ಸಂಜೆಗೆ ಬೆರಳು ಊದಿ, ತಲೆ ಧಿಮ್ಮೆನ್ನುತ್ತದೆ.

ಎಡವಟ್ಟಾದದ್ದು ಅಲ್ಲೇ. ತಮ್ಮ ನಾಲಿಗೆಗೆ ಹಿತವಾದಷ್ಟೇ ಉಪ್ಪನ್ನು ಕ್ಯಾಂಟೀನಿನ ಹಂಡೆಗೂ ಹಾಕಿದರು. ಊಟದ ಸಾಲಿನಿಂದ ತಟ್ಟೆಗಳು ಹಾಗೇ ವಾಪಸ್ ಬಂದವು. "ಏನಕ್ಕಾ, ಉಪ್ಪಿನ ಡಬ್ಬಿಗೆ ಬೀಗ ಹಾಕಿದ್ದೀಯಾ?" ಎಂದು ಛೇಡಿಸಿದವರೇ 'ಸಪ್ಪೆಯಕ್ಕ' ಎಂದು ಹೆಸರಿಟ್ಟರು. ಮ್ಯಾನೇಜರು ನಗಲಿಲ್ಲ. "ಇನ್ನೊಂದು ವಾರ ನೋಡ್ತೀನಿ. ಆಮೇಲೆ ನೀವು ಪಾತ್ರೆ ತೊಳೆಯೋ ಕಡೆ ಹೋಗಿ," ಎಂದರು.

"ಆ ಕೆಲ್ಸ ಕೀಳು ಅಂತಲ್ಲ. ಆದ್ರೆ ಇಷ್ಟು ವರ್ಷ ಹಂಡೆ ನನ್ನ ಕೈಲಿತ್ತು. ಸುಮ್ನೆ ಬಿಟ್ಕೊಡೋಕೆ ಮನಸ್ಸು ಬರ್ಲಿಲ್ಲ," ಎನ್ನುತ್ತಾರೆ ಈಕೆ. ಜೊತೆಗಾತಿ ರುಚಿ ನೋಡಬಹುದಿತ್ತಲ್ಲ ಎಂದು ಕೇಳಿದರೆ, "ಅವಳಾ? ತಿಂಡಿ ತಿನ್ನದೆ ಬರ್ತಾಳೆ. ಹಸಿದ ಬಾಯಿಗೆ ಏನು ಕೊಟ್ರೂ ಚೆನ್ನಾಗೇ ಇರತ್ತೆ."

ಆ ವಾರವೆಲ್ಲ ಮನೆಯಲ್ಲಿ ನಾದಿನಿಯೇ ಪರೀಕ್ಷಕಿ. ಬೇಳೆಗೆ ಚಿಟಿಕೆ ಚಿಟಿಕೆ ಉಪ್ಪು ಹಾಕುತ್ತ, ಇಬ್ಬರೂ ರುಚಿ ನೋಡುತ್ತ ಹೋದರು. "ಅತ್ತಿಗೆ, ನನಗೆ ಬಿಪಿ ಬರ್ಸಿನೇ ಬಿಡ್ತೀರಾ?" ಎಂದು ಗೊಣಗುತ್ತಲೇ ನಾದಿನಿ ಕೊನೆಗೊಮ್ಮೆ "ಹಾಂ, ಈಗ ಸರಿಯಾಯ್ತು," ಎಂದಾಗ, ಇವರ ನಾಲಿಗೆಯ ಬುಡ ಕಹಿಯಾಗಿ ಕಿವಿಯ ಹಿಂದೆ ಬಿಸಿಯೇರಿತ್ತು. ಆ ಬಿಸಿಯೇ ಗುರುತಾಯಿತು. ಬಾಯಿ ಕೆಟ್ಟರೂ ಕಿವಿಯ ಹಿಂದೆ ಬಿಸಿಯೇರುವವರೆಗೂ ಹಾಕಬೇಕು, ಅಲ್ಲಿಗೆ ನಿಲ್ಲಿಸಬೇಕು.

ವಾರ ಕಳೆದು ತಿಂಗಳುಗಳಾಗಿವೆ. ಮ್ಯಾನೇಜರು ಪಾತ್ರೆಯ ಮಾತೆತ್ತಿಲ್ಲ. ಮಧ್ಯಾಹ್ನ ಊಟದ ಸಾಲು ಕರಗಿದ ಮೇಲೆ ಈಕೆ ಮನೆಯಿಂದ ತಂದ ಉಪ್ಪಿಲ್ಲದ ಬುತ್ತಿ ಬಿಚ್ಚುತ್ತಾರೆ. ಮಾಡಿದ್ದನ್ನು ಉಣ್ಣಲಾಗದ ಬೇಸರವಿಲ್ಲವೇ ಎಂದರೆ, ತುತ್ತು ನುಂಗಿ ಹೇಳುತ್ತಾರೆ:

"ನಾನು ತಿನ್ನೋಕಾಗದ ಊಟ ಅಷ್ಟೇ. ಮಾಡೋಕಾಗದ್ದಲ್ಲ."